ಪೂರ್ವಕ್ಕೇ ನಿಂತ ಪ್ಯಾನೆಲ್

ಪುಟಾಣಿಗಳೇ, ತುಮಕೂರಿನ ನಮ್ಮ ಮನೆಯ ತಾರಸಿಯ ಮೇಲೆ 330 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಇದೆ. ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ, ಸೂರ್ಯನ ಹಿಂದೆಯೇ ಮೆಲ್ಲಗೆ ಪಶ್ಚಿಮಕ್ಕೆ ತಿರುಗುತ್ತದೆ. ತಿರುಗಿಸುವುದು ಒಂದು ಪುಟ್ಟ ಮೋಟಾರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ದಿನದ ಯೂನಿಟ್ಟನ್ನು ತಪ್ಪದೆ ಬರೆದಿಡುತ್ತೇನೆ. ಕಳೆದ ತಿಂಗಳು ಒಂದೂವರೆ ಇದ್ದದ್ದು ಒಂದಕ್ಕಿಳಿಯಿತು. ಮೋಟಾರು ಕೆಟ್ಟಿತೆಂದು ಹೊಸದಕ್ಕೆ ದುಡ್ಡು ಎಣಿಸುತ್ತಿದ್ದೆ.

ಐದನೇ ಕ್ಲಾಸಿನ ಮೊಮ್ಮಗಳು ಕೇಳಿದಳು: "ತಾತಾ, ಮೂರು ಗಂಟೆಯಾದ್ರೂ ಇದು ಪೂರ್ವಕ್ಕೇ ನೋಡ್ತಿದೆಯಲ್ಲ?"

ಪ್ಯಾನೆಲ್ಲಿನ ಅಂಚಿನಲ್ಲಿ ಬೆಳಕನ್ನು ಗುರುತಿಸುವ ಎರಡು ಕಣ್ಣುಗಳಿವೆ. ಯಾವುದಕ್ಕೆ ಹೆಚ್ಚು ಬೆಳಕು ಬೀಳುತ್ತದೋ ಆ ಕಡೆಗೆ ಮೋಟಾರು ತಿರುಗಿಸುತ್ತದೆ. ನೋಡಿದರೆ, ಪಶ್ಚಿಮದ ಕಣ್ಣಿನ ಮೇಲೆ ಪಾರಿವಾಳದ ಹಿಕ್ಕೆ! ಸ್ವಿಚ್ ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿದೆ. ಪ್ಯಾನೆಲ್ ಸೂರ್ಯನತ್ತ ಹೊರಳಿತು.

ಅಜ್ಜಂದಿರೇ, ಗಾಜನ್ನು ಬೆಳಗಿನ ತಂಪಿನಲ್ಲಿ ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ತಿರುಗುವ ಕೀಲಿಗೆ ಆಗಾಗ ಗ್ರೀಸ್ ಹಾಕಿಸಿ. ಬಿರುಗಾಳಿ ಬರುವ ಮುನ್ನ ಪ್ಯಾನೆಲ್ಲನ್ನು ಮಟ್ಟಸವಾಗಿ ಮಲಗಿಸಿ. ಮಕ್ಕಳೇ, ಒಬ್ಬರೇ ತಾರಸಿ ಹತ್ತಬೇಡಿ.

ಮರುದಿನ ಸಂಜೆ ನನ್ನ ಪುಸ್ತಕದಲ್ಲಿ "ಒಂದೂವರೆ" ಎಂದು ಬರೆದವಳು ಮೊಮ್ಮಗಳೇ.