ಕಿಟಕಿಯಾಚೆಯ ಅಡಿಕೆ ತೋಟ

ಮನೆಯ ರಿಪೇರಿಗೆ ಕೈಹಾಕುವ ಮೊದಲು ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು ನೋಡಿಕೊಳ್ಳಿರೆಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆನಷ್ಟೆ. ಕಳಂಬೋಲಿಯ ನಮ್ಮವರೊಬ್ಬರು ಹಾಗೆಯೇ ಮಾಡಿ, ನೋಡಲು ಬರಹೇಳಿದರು. ಸಿಡ್ಕೋ ಕಟ್ಟಿಸಿದ ಹಳೆಯ ಮನೆ. ಕಾಲೇಜಿಗೆ ಹೋಗುವ ಮಗಳು ಸ್ವೀಟ್ ಹೋಮ್ ೩ಡಿ ಎಂಬ, ದುಡ್ಡಿಲ್ಲದೆ ದೊರೆಯುವ ತಂತ್ರಾಂಶದಲ್ಲಿ ಗೋಡೆ, ಮಂಚ, ದೇವರ ಗೂಡು ಎಲ್ಲವನ್ನೂ ಲಕ್ಷಣವಾಗಿ ನಿಲ್ಲಿಸಿದ್ದಳು. ಕಿಟಕಿಯಾಚೆ ಮಾತ್ರ ಬೆಳ್ತಂಗಡಿಯ ಕಡೆಯ ಅಡಿಕೆ ತೋಟ!

ಅಜ್ಜಿಗೆ ಊರಿನ ನೆನಪಾಗಲೆಂದು ಹಾಕಿದ್ದಂತೆ. ಹುಡುಗಿಯ ಮನಸ್ಸು ದೊಡ್ಡದು. ಆದರೆ ಆ ಚಿತ್ರವನ್ನು ನಂಬಿಯೇ ಅಜ್ಜಿಯ ಕುರ್ಚಿಗೆ ಆ ಕಿಟಕಿಯ ಬಳಿ ಸ್ಥಳ ಗೊತ್ತಾಗಿತ್ತು; ಕಿಟಕಿಗೆ ತೆಳು ಪರದೆಯೇ ಸಾಕೆಂದೂ ತೀರ್ಮಾನವಾಗಿತ್ತು. ನಿಜದ ಕಿಟಕಿಯಾಚೆ ಇರುವುದು ಉಕ್ಕಿನ ಮಾರುಕಟ್ಟೆಯಿಂದ ಸರಳು ಹೇರಿಕೊಂಡು ಹೊರಡುವ ಲಾರಿಗಳ ದಾರಿ. ಧೂಳು, ಹಾರನ್ನು ಎರಡಕ್ಕೂ ಬಿಡುವಿಲ್ಲ. ದಿನವಿಡೀ ಕೂಡುವವರು ಅಜ್ಜಿ, ಚಿತ್ರವಲ್ಲ. ಹಿಂದಿನ ಕೋಣೆಯ ಕಿಟಕಿಯಲ್ಲಿ ಒಂದು ಬಾದಾಮಿ ಮರ ಕಾಣುತ್ತಿತ್ತು. ಕುರ್ಚಿ ಅಲ್ಲಿಗೆ ಹೋಯಿತು.

ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಣ್ಣದ ಪರದೆಯ ಮುಂದೆ ನಿಲ್ಲಿಸುತ್ತಿದ್ದರಲ್ಲ, ಉದ್ಯಾನ, ಕಾರಂಜಿ, ತಾಜಮಹಲು! ಅದು ಪರದೆಯೆಂದು ನಿಂತವರಿಗೂ ಗೊತ್ತು, ನೋಡುವವರಿಗೂ ಗೊತ್ತು, ಯಾರೂ ಮೋಸಹೋಗಲಿಲ್ಲ. ಕಂಪ್ಯೂಟರಿನ ಹಿನ್ನೆಲೆ ಅಷ್ಟು ಪ್ರಾಮಾಣಿಕವಲ್ಲ. ಒಳಗಿನ ಮಂಚದ ಅಳತೆ ಸರಿಯಾಗಿರುವುದರಿಂದ ಹೊರಗಿನ ತೋಟವೂ ಸರಿಯೆಂದು ಕಣ್ಣು ಒಪ್ಪಿಬಿಡುತ್ತದೆ.

ಆದ್ದರಿಂದ ನಿಮ್ಮ ಕಿಟಕಿಯ ಹಿನ್ನೆಲೆಗೆ ನಿಮ್ಮ ಕಿಟಕಿಯಿಂದಲೇ ತೆಗೆದ ಫೋಟೋ ಇರಲಿ. ಕೂತು ನೋಡುವವರಿಗಾದರೆ ಕೂತೇ ತೆಗೆಯಿರಿ. ತಂತ್ರಾಂಶದೊಳಗಿನ ನೋಟಕನ ಕಣ್ಣಿನ ಎತ್ತರವನ್ನೂ ಅಷ್ಟಕ್ಕೇ ಇಳಿಸಿರಿ. ಮಾಡುವ ಬಗೆ ಎರಡು. ಆಕಾಶದ ಬಣ್ಣಕ್ಕೆ ಬದಲಾಗಿ ಚಿತ್ರ ಹಾಕಬಹುದು. ಆದರೆ ಅದು ಮನೆಯ ಸುತ್ತ ಕೊಡೆಯಂತೆ ಕವಿಯುವುದರಿಂದ, ಸುತ್ತಲಿನ ನೋಟವೆಲ್ಲ ಸೇರಿದ ಉದ್ದ ಫೋಟೋ ಬೇಕು, ಸಾಮಾನ್ಯ ಫೋಟೋ ಹಿಗ್ಗಿ ವಿಕಾರವಾಗುತ್ತದೆ. ಇಲ್ಲವೆ ಕಿಟಕಿಯಿಂದ ಸ್ವಲ್ಪ ದೂರದಲ್ಲಿ ಹೊರಗೊಂದು ಗೋಡೆ ನಿಲ್ಲಿಸಿ, ಅದರ ಮೈಗೆ ಫೋಟೋ ಅಂಟಿಸಿರಿ. ಫೋಟೋವಿನ ಅಗಲ ಎತ್ತರಗಳನ್ನು ಗೋಡೆಯ ಅಳತೆಗೇ ಕೊಡಬೇಕು. ತಪ್ಪಿದರೆ ಸೀರೆಯ ಬುಟ್ಟಾದಂತೆ ಒಂದೇ ಮರ ಹತ್ತು ಸಲ ಬರುತ್ತದೆ.

ಇಲ್ಲಿ ಒಂದು ತಮಾಷೆಯಿದೆ. ಹೀಗೆ ನಿಲ್ಲಿಸಿದ ಗೋಡೆ ಚಿತ್ರದ ಸೂರ್ಯನಿಗೂ ಗೋಡೆಯೇ! ಅದರ ನೆರಳು ಕೋಣೆಯೊಳಕ್ಕೆ ಬೀಳಬಹುದು. ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ತಿಳಿಯಬೇಕಾದರೆ ಆ ಗೋಡೆಯನ್ನು ತೆಗೆದುಹಾಕಿ ಇನ್ನೊಂದು ಚಿತ್ರ ಮಾಡಿಸಿಕೊಳ್ಳಿರಿ. ಅದಕ್ಕೆ ಮುಂಚೆ ನಕ್ಷೆಯ ದಿಕ್ಸೂಚಿಯಲ್ಲಿ ಉತ್ತರ ದಿಕ್ಕನ್ನೂ ಊರನ್ನೂ ಸರಿಯಾಗಿ ಗುರುತಿಸಿರಿ. ಕಳಂಬೋಲಿ ಇರುವುದು ಸುಮಾರು ೧೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಶಂಬರದ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು ೪೮ ಡಿಗ್ರಿಗಿಂತ ಮೇಲೇರುವುದಿಲ್ಲ. ತೆಂಕಣ ಕಿಟಕಿಯಿಂದ ಬಿಸಿಲು ಹಾಸಿಗೆಯವರೆಗೂ ಬರುತ್ತದೆ. ಮೇ ತಿಂಗಳಲ್ಲಿ ನೆತ್ತಿಯ ಮೇಲೆ ಬಂದು, ಸಂಜೆ ಪಡುವಣಕ್ಕಿಂತ ತುಸು ಬಡಗಲಿಗೆ ಮುಳುಗುತ್ತಾನೆ. ದಶಂಬರದ ಒಂದು, ಮೇ ತಿಂಗಳ ಸಂಜೆಯ ಒಂದು, ಎರಡು ಚಿತ್ರ ಸಾಕು. ದಪ್ಪ ಪರದೆ ಯಾವ ಕಿಟಕಿಗೆ ಎಂಬ ಚರ್ಚೆ ಮನೆಯಲ್ಲಿ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಮನೆಯ ಚಿತ್ರದಲ್ಲಿ ತಪ್ಪಾದರೆ ಪರದೆಯ ದುಡ್ಡು ಹೋದೀತು. ಹೊಸ ಮನೆ ಕೊಳ್ಳುವವರ ಪಾಡು ಬೇರೆ. ಕಟ್ಟುವವರು ಹಂಚುವ ಬಣ್ಣದ ಹಾಳೆಗಳಲ್ಲಿ ಪ್ರತಿ ಬಾಲ್ಕನಿಯ ಮುಂದೂ ಹಸಿರು ಗುಡ್ಡ ಇದ್ದೇ ಇರುತ್ತದೆ. ಖಾರ್ಘರದ ಗುಡ್ಡಗಳು ಹತ್ತಿರದಲ್ಲಿವೆಯೆಂಬುದೇನೋ ದಿಟ. ಮಳೆಗಾಲದಲ್ಲಿ ಅವು ಹಸಿರೆಂಬುದೂ ದಿಟ. ಏಪ್ರಿಲಿನಲ್ಲಿ ಬೋಳು ಕಂದು. ಗುಡ್ಡಕ್ಕೂ ಬಾಲ್ಕನಿಗೂ ನಡುವೆ ಇನ್ನೊಂದು ಕಟ್ಟಡ ಏಳುವುದೇ ಎಂಬುದನ್ನಂತೂ ಹಾಳೆ ಹೇಳುವುದಿಲ್ಲ. ಮೂಲೆಯಲ್ಲಿ ಸಾಸಿವೆಯಂಥ ಅಕ್ಷರಗಳಲ್ಲಿ 'ಕಲಾವಿದನ ಕಲ್ಪನೆ' ಎಂದಿರುತ್ತದೆ, ಅಷ್ಟೆ.

೨೦೧೬ರ ರೇರಾ ಕಾನೂನಿನ ೧೨ನೆಯ ಕಲಮನ್ನು ನೆನಪಿಡಿರಿ. ಜಾಹೀರಾತಿನ ತಪ್ಪು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟಹೊಂದಿದವರಿಗೆ ಕಟ್ಟುವವರು ಪರಿಹಾರ ಕೊಡಬೇಕು. ಬೇಡವೆಂದು ಹಿಂದೆ ಸರಿದರೆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಹಾಳೆಯ ಗುಡ್ಡವನ್ನು ಕಾನೂನು ಎಷ್ಟರಮಟ್ಟಿಗೆ ಮಾಹಿತಿಯೆಂದು ಎಣಿಸೀತು ಎಂಬುದು ವಕೀಲರ ಮಾತು. ಹಾಳೆಯನ್ನಂತೂ ರದ್ದಿಗೆ ಹಾಕಬೇಡಿರಿ. ಮಹಾರೇರಾದ ನೋಂದಣಿ ಸಂಖ್ಯೆ ಅದರಲ್ಲೇ ಇರಬೇಕು. ಆ ಸಂಖ್ಯೆಯಿಂದ ಮಂಜೂರಾದ ನಕ್ಷೆಯನ್ನು ತೆಗೆದು, ಒಂದು ಭಾನುವಾರ ಸ್ಥಳಕ್ಕೇ ಹೋಗಿರಿ. ನೀವು ಕೇಳಿದ ಮಹಡಿ ಇನ್ನೂ ಎದ್ದಿರದಿದ್ದರೆ, ಪಕ್ಕದ ಕಟ್ಟಡದಲ್ಲಿ ಅಷ್ಟೇ ಎತ್ತರದ ಮೆಟ್ಟಿಲ ಕಿಟಕಿಯಿಂದ, ಅಲ್ಲಿಯವರನ್ನು ಕೇಳಿಕೊಂಡು, ಒಂದು ಫೋಟೋ ತೆಗೆಯಿರಿ. ಎದುರಿನ ಖಾಲಿ ನಿವೇಶನ ಯಾವುದಕ್ಕೆ ಮೀಸಲೆಂದು ಸಿಡ್ಕೋ ಕಚೇರಿಯಲ್ಲಿ ವಿಚಾರಿಸಿದ ಮೇಲೆ ಮುಂಗಡದ ಚೆಕ್ಕು ಬರೆಯಬಹುದು.