ಕಾಣದ ಲೋಕದ ಚಿತ್ರ

ಕಪಿಲೆಯ ದಡದ ಸರಗೂರಿನಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆನು. ಅವರ ಮೊಮ್ಮಗನು ಅಂಗೈಯಗಲದ ಹಲಗೆಯೊಂದನ್ನು ತಂದು ತೋರಿಸಿದನು. ನೀಲಿ ಆಕಾಶ, ಹಿಮದ ಬೆಟ್ಟ, ಅದರ ಮೇಲೆ ಉಂಗುರ ತೊಟ್ಟ ಶನಿಗ್ರಹ, ತೈಲವರ್ಣದ ಚಿತ್ರ. ‘ಕಾಣದುದನ್ನು ಏಕೆ ಬರೆಯುವೆ? ಎದುರಿನ ಹೊಳೆಯನ್ನು ಬರೆಯಬಾರದೆ?’ ಎಂದುಬಿಟ್ಟೆನು. ಹುಡುಗನ ಮುಖ ಬಾಡಿತು. ಹಲಗೆಯನ್ನು ಗೋಡೆಗೆ ಮುಖಮಾಡಿ ಇಟ್ಟನು.

ಆಮೇಲೆ ಓದಿ ತಿಳಿದಾಗ ನನಗೇ ನಾಚಿಕೆಯಾಯಿತು. ಅಮೆರಿಕದ ಕಲಾವಿದ ಚೆಸ್ಲಿ ಬೋನ್‌ಸ್ಟೆಲ್ ಅವರು, ಶನಿಯ ಉಪಗ್ರಹವಾದ ಟೈಟಾನ್‌ನಿಂದ ಶನಿಯು ಹೇಗೆ ಕಾಣುವುದೆಂದು ಚಿತ್ರಿಸಿದ್ದರು. 1944ರಲ್ಲಿ ಅದು ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಮನುಷ್ಯ ನಿರ್ಮಿಸಿದ ಯಾವ ಯಂತ್ರವೂ ಭೂಮಿಯ ಸೆಳೆತವನ್ನು ಮೀರಿರಲಿಲ್ಲ. ಅಂದು ತಿಳಿದಿದ್ದ ಗಾತ್ರ, ದೂರಗಳನ್ನು ಆಧರಿಸಿ ಅವರು ಬರೆದರು. ಅಲ್ಲಿಯೂ ಆಕಾಶ ನೀಲಿಯೇ. 2005ರ ಜನವರಿ 14ರಂದು ಹೈಗೆನ್ಸ್ ನೌಕೆಯು ಟೈಟಾನ್‌ನಲ್ಲಿ ಇಳಿದಾಗ ಕಂಡುದು ಕಿತ್ತಳೆ ಬಣ್ಣದ ದಟ್ಟ ಮಬ್ಬು. ಚಿತ್ರದ ಬಣ್ಣ ತಪ್ಪಿತ್ತು, ನಿಜ. ಆದರೆ ತಿಳಿದುದನ್ನು ಆಧರಿಸಿ ಊಹಿಸುವುದು ಬೇರೆ, ಇಲ್ಲದುದನ್ನು ಉಂಟೆನ್ನುವುದು ಬೇರೆ.

ಅಗಸೆ ಎಣ್ಣೆಯ ಬಣ್ಣವು ಗಾಳಿಯ ಆಮ್ಲಜನಕವನ್ನು ಹೀರಿ ದಿನಗಟ್ಟಲೆ ಮೆಲ್ಲನೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ತಿದ್ದಲು ಅವಕಾಶವುಂಟು. ಹಿರಿಯರ ಬಿರುನುಡಿಗೆ ಆ ಅವಕಾಶವಿಲ್ಲ.

ಮುಂದಿನ ತಿಂಗಳು ಮತ್ತೆ ಸರಗೂರಿಗೆ ಹೋದೆನು. ಹಲಗೆಯನ್ನು ನಾನೇ ತಿರುಗಿಸಿ, ‘ಮಗೂ, ಅಂದು ನಾನು ದುಡುಕಿದೆ. ಈ ಬೆಟ್ಟ ಬಿಳಿ ಏಕೆ?’ ಎಂದು ಕೇಳಿದೆನು. ಅವನು ಅರ್ಧ ಗಂಟೆ ವಿವರಿಸಿದನು. ಟೈಟಾನ್‌ನ ಮಬ್ಬಿನ ಸಂಗತಿಯನ್ನು ನಾನು ಹೇಳಿದಾಗ ಕುಂಚವನ್ನು ಹುಡುಕಲು ಒಳಗೆ ಓಡಿದನು.

ಓದುಗ ಬಂಧುಗಳೇ, ಮಕ್ಕಳ ಚಿತ್ರಕ್ಕೆ ತೀರ್ಪು ಕೊಡುವ ಮುನ್ನ ಒಂದು ಪ್ರಶ್ನೆ ಕೇಳೋಣ.