ಕಾಯಿಲೆ ಬಿದ್ದ ಜೀವವನ್ನು ಯಾರಾದರೂ ಕೇಳಿದಿರಾ?

ನಿಮಗೆ ಗೊತ್ತು. ಯಾರ ಹೊಲದ ಪಹಣಿ ಈಗ ಬ್ರೋಕರ್ ಕೈಯಲ್ಲಿದೆ, ಯಾರ ಮನೆಯ ಸೊಸೆಯ ಮಾಂಗಲ್ಯದ ಸರ ಗಿರವಿಗೆ ಹೋಗಿ ಕೊರಳಲ್ಲಿ ಬರೀ ಅರಿಶಿನದ ದಾರ ಉಳಿದಿದೆ, ಯಾರ ಮಗಳು ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಾಳೆ ಎಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಊರಿನ ಯಾವ ಬೀದಿಯಲ್ಲೂ ಗುಟ್ಟಾಗಿ ಉಳಿಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಆಯಿತು, ಕರೆಂಟು (ರೇಡಿಯೇಷನ್) ಕೊಟ್ಟದ್ದೂ ಆಯಿತು, ಆರು ತಿಂಗಳು ಹಗುರಾಗಿದ್ದ ಮೈಯಲ್ಲಿ ಗಡ್ಡೆ ಮತ್ತೆ ಎದ್ದಿತು, ಕೊನೆಗೆ ಡಾಕ್ಟರು ‘ಮನೆಗೆ ಕರಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ’ ಎಂದರು. ಅದೇ ವಾರ ಯಾರೋ ನೆಂಟರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಹೊರದೇಶದ ಆಸ್ಪತ್ರೆ. ಹೊಟ್ಟೆ ಕೊಯ್ಯುವುದಿಲ್ಲವಂತೆ, ಕೂದಲು ಉದುರುವುದಿಲ್ಲವಂತೆ, ಒಂದು ಸಣ್ಣ ತೂತು, ಒಂದು ಸೂಜಿ, ನಾಲ್ಕು ದಿನಕ್ಕೆ ಎದ್ದು ಓಡಾಡಬಹುದಂತೆ. ಮನೆಯವರೆಲ್ಲ ಆ ಮೊಬೈಲಿನ ಸುತ್ತ ಕೂತರು. ನೀವೂ ಅಲ್ಲಿದ್ದಿರಿ. ನಿಮ್ಮ ಮನಸ್ಸಿಗೆ ಏನೋ ಸರಿಬರಲಿಲ್ಲ. ಆದರೂ ನೀವು ಸುಮ್ಮನಿದ್ದಿರಿ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಸುಮ್ಮನಿದ್ದದ್ದು ಯಾಕೆಂದು ನನಗೂ ಗೊತ್ತು. ‘ಬೇಡ’ ಎಂದರೆ ನಾಳೆ ತಿಥಿಯ ಊಟದಲ್ಲಿ ‘ಇವನೇ ತಡೆದದ್ದು, ದುಡ್ಡಿಗೆ ಹಿಂದೆ ಮುಂದೆ ನೋಡಿದ’ ಎಂಬ ಮಾತು ಬರುತ್ತದೆ. ಸಾಯುವವರ ಮನೆಯಲ್ಲಿ ಆಸೆಗೆ ಅಡ್ಡ ನಿಂತವನು ಎಂಬ ಹೆಸರು ಯಾರಿಗೆ ಬೇಕು? ಆದರೆ ನೀವು ಓದಿಕೊಂಡವರು. ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮನ ಮಗ, ಊರಿನ ಮೇಷ್ಟ್ರು, ಮೆಡಿಕಲ್ ಸ್ಟೋರಿನವರು, ಆರೋಗ್ಯ ಕೇಂದ್ರದ ಸಿಸ್ಟರ್, ಎರಡು ಸಲ ಗೆದ್ದ ಪಂಚಾಯಿತಿ ಮೆಂಬರು. ಆ ಮನೆಯವರು ಕೊನೆಗೆ ಕಣ್ಣೆತ್ತಿ ನೋಡಿದ್ದು ನಿಮ್ಮ ಮುಖವನ್ನೇ. ಅದಕ್ಕೇ ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಸಣ್ಣ ತೂತಿನ ಚಿಕಿತ್ಸೆ ಸುಳ್ಳಲ್ಲ. ತೊಡೆಯ ಸಂದಿನ ಇಲ್ಲವೇ ಮಣಿಕಟ್ಟಿನ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ, ಲಿವರಿನ ಗಡ್ಡೆಗೆ ರಕ್ತ ಒಯ್ಯುವ ಕವಲಿಗೇ ಔಷಧಿ ಬಿಟ್ಟು, ಆ ಕವಲನ್ನು ಮುಚ್ಚಿ ಗಡ್ಡೆಯನ್ನು ಉಪವಾಸ ಕೆಡವುವ ವಿಧಾನವಿದೆ. ಸ್ಕ್ಯಾನ್ ನೋಡುತ್ತ ಸೂಜಿ ಇಳಿಸಿ ಗಡ್ಡೆಯನ್ನು ಸುಡುವುದಿದೆ, ಹೆಪ್ಪುಗಟ್ಟಿಸಿ ಕೊಲ್ಲುವುದಿದೆ. ಇವೆಲ್ಲ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತವೆ. ಗಡ್ಡೆ ಚಿಕ್ಕದಾಗಿದ್ದಾಗ, ಸುಮಾರು 3 ಸೆಂಟಿಮೀಟರಿನೊಳಗೆ ಇದ್ದಾಗ, ಒಂದೆರಡು ಕಡೆ ಮಾತ್ರ ಇದ್ದಾಗ ಸುಡುವ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಮೂಳೆಗೆ, ಶ್ವಾಸಕೋಶಕ್ಕೆ, ಮಿದುಳಿಗೆ ಹರಡಿದ ಮೇಲೆ ಕಣ್ಣಿಗೆ ಕಂಡ ಒಂದನ್ನು ಸುಟ್ಟರೆ ಕಾಣದವು ಹಾಗೇ ಉಳಿಯುತ್ತವೆ. ಆಗಲೂ ಒಮ್ಮೊಮ್ಮೆ ನೋವು ತಗ್ಗಿಸಲೆಂದು ಮಾಡುತ್ತಾರೆ, ಅದು ದೊಡ್ಡ ಉಪಕಾರ. ಆದರೆ ನೋವು ತಗ್ಗಿಸುವುದನ್ನೇ ರೋಗ ವಾಸಿಯಾಗುತ್ತದೆಂದು ಮಾರುವವರು ಇದ್ದಾರೆ. ಆ ಎರಡರ ನಡುವಿನ ಅಂತರವನ್ನು ವಿಡಿಯೊ ಹೇಳುವುದಿಲ್ಲ, ಏಜೆಂಟ್ ಹೇಳುವುದಿಲ್ಲ. ನೀವಾದರೂ ಹೇಳಬೇಕಿತ್ತು.

‘ಶಿವಣ್ಣ ಹೋಗಿ ಬರಲಿಲ್ಲವೇ?’ ಎಂದು ಕೇಳುತ್ತಾರೆ. ಬಂದರು, ನಾವೆಲ್ಲ ಖುಷಿಪಟ್ಟೆವು. 2024ರ ಡಿಸೆಂಬರ್ 24ರಂದು ಮಯಾಮಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಟ ಶಿವರಾಜ್‌ಕುಮಾರ್ ಅವರ ಮೂತ್ರಕೋಶ ತೆಗೆದು, ಕರುಳಿನಿಂದಲೇ ಹೊಸದೊಂದನ್ನು ಮಾಡಿ ಜೋಡಿಸಿದರು; ಜನವರಿ ಕೊನೆಗೆ ಅವರು ಊರಿಗೆ ಮರಳಿದರು. ಆದರೆ ಅದು ಕೈಚೆಲ್ಲಿದ ಮೇಲೆ ಹುಡುಕಿಕೊಂಡು ಹೋದ ಚಿಕಿತ್ಸೆಯಲ್ಲ. ಇಲ್ಲಿ ಕೀಮೋ ಮಾಡಿಸಿಕೊಂಡು, ತೆಗೆದುಹಾಕಬಹುದಾದ ರೋಗವನ್ನು ತೆಗೆಸಿಕೊಂಡು ಬಂದದ್ದು. ಇನ್ನೊಂದು ಹೆಸರನ್ನೂ ನೆನಪಿಸಿಕೊಳ್ಳಿ. ಕೇಂದ್ರದಲ್ಲಿ ಮಂತ್ರಿಯಾಗಿದ್ದ ಅನಂತಕುಮಾರ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್. ದುಡ್ಡಿನ, ವೀಸಾದ, ಪರಿಚಯದ ಯಾವ ಕೊರತೆಯೂ ಇಲ್ಲದ ಅವರು ಅಮೆರಿಕದಲ್ಲಿ ಚಿಕಿತ್ಸೆ ಪಡೆದು 2018ರ ಅಕ್ಟೋಬರಿನಲ್ಲಿ ವಾಪಸು ಬಂದರು, ನವೆಂಬರ್ 12ರಂದು ಬಸವನಗುಡಿಯ ಶಂಕರ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೋದದ್ದು ತಪ್ಪೆಂದು ಯಾರೂ ಹೇಳಲಾರರು. ವಿಮಾನ ಹತ್ತಿದ ಮಾತ್ರಕ್ಕೆ ರೋಗದ ಹಂತ ಬದಲಾಗುವುದಿಲ್ಲ ಎಂಬುದಷ್ಟೇ ಅಲ್ಲಿರುವ ಮಾತು.

ದೂರದ ದೇಶಗಳಲ್ಲೂ ಮನುಷ್ಯರ ದುಃಖ ಹೀಗೇ ಇದೆ. ಚೀನಾದ ಕಾಲೇಜು ಹುಡುಗ ವೇ ಝೆಶಿಗೆ ಅಪರೂಪದ ಕ್ಯಾನ್ಸರ್ ಬಂದು, ಆಪರೇಷನ್, ಕೀಮೋ, ಕರೆಂಟು ಎಲ್ಲ ಸೋತ ಮೇಲೆ, ಅವನ ಮನೆಯವರು ಬೈದು ಎಂಬ ಹುಡುಕುತಾಣದಲ್ಲಿ ಮೇಲೆ ಕಂಡ ಬೀಜಿಂಗ್ ಆಸ್ಪತ್ರೆಯೊಂದರ ಹೊಸ ಚಿಕಿತ್ಸೆಗೆ ಎರಡು ಲಕ್ಷ ಯುವಾನಿಗೂ ಹೆಚ್ಚು ಸುರಿದರು. ಮೇಲೆ ಕಂಡದ್ದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. 2016ರ ಏಪ್ರಿಲ್‌ನಲ್ಲಿ ಹುಡುಗ ಹೋದ, 21 ವರ್ಷ. ಹೋಗುವ ಮುಂಚೆ ನಡೆದದ್ದನ್ನೆಲ್ಲ ಬರೆದಿಟ್ಟಿದ್ದ, ಅದನ್ನೋದಿ ಇಡೀ ದೇಶ ಸಿಟ್ಟಿಗೆದ್ದಿತು. ಅವನಿಗೆ ಬರೆಯಲು ಬರುತ್ತಿತ್ತು. ನಮ್ಮ ಹಾರೋಹಳ್ಳಿ, ಕುದೂರು, ಸಾತನೂರಿನ ಮನೆಗಳಲ್ಲಿ ಮಲಗಿರುವ ಜೀವಗಳಿಗೆ ಯಾರ ಕೈಯಲ್ಲಿ ಬರೆಸುವುದು?

ಆ ಜೀವವನ್ನು ನೀವು ಕೇಳಿದಿರಾ? ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿ, ನಡುಮನೆಯಲ್ಲಿ ನಡೆಯುವ ಮಾತಿಗೆ ಕಿವಿಗೊಟ್ಟು, ತಾನು ಎದ್ದಿರುವುದು ತಿಳಿದೊಡನೆ ಮಾತು ನಿಂತುಹೋಗುವುದನ್ನು ಗಮನಿಸಿ, ಸ್ಕ್ಯಾನ್ ಸೆಂಟರಿನ ದೊಡ್ಡ ಕವರನ್ನು ಯಾಕೆ ಬೀರುವಿನ ಮೇಲೆ ಕೈಗೆಟುಕದಂತೆ ಇಟ್ಟಿದ್ದಾರೆಂದು ಯೋಚಿಸುತ್ತ ಇರುವ ಆ ತಾಯಿಯನ್ನು ಕೇಳಿದಿರಾ? ‘ಅವರಿಗೆ ಹೇಳಬೇಡಿ, ಕುಗ್ಗಿಹೋಗುತ್ತಾರೆ’ ಎಂದು ಮನೆಯವರು ಅಂದರು, ನೀವೂ ತಲೆಯಾಡಿಸಿದಿರಿ. ಅವಳಿಗೆ ಗೊತ್ತಿಲ್ಲವೆಂದುಕೊಂಡಿರಾ? ಮೂರು ಮಕ್ಕಳನ್ನು ಹೆತ್ತ ಮೈ ಅದು, ತನ್ನೊಳಗೆ ಏನಾಗುತ್ತಿದೆಯೆಂದು ಆ ಮೈಗೆ ತಿಳಿಯದೇ? ‘ಬರೀ ಇನ್ಫೆಕ್ಷನ್’ ಎಂದು ನೀವು ಹೇಳಿದಾಗ ಅವಳು ನಿಮಗೋಸ್ಕರ ನಂಬಿದವಳಂತೆ ನಟಿಸಿದಳು. ಅವಳನ್ನು ಕೇಳಿದ್ದರೆ, ಕೆರೆ ಕೆಳಗಿನ ಆ ಒಂದೆಕರೆ ಸಣ್ಣ ಮಗಳಿಗಿರಲಿ, ಮಾರಬೇಡಿ ಅನ್ನುತ್ತಿದ್ದಳೋ ಏನೋ. ನನ್ನನ್ನು ಒಂದು ಸಲ ಕಬ್ಬಾಳಮ್ಮನ ಗುಡಿಗೆ ಕರಕೊಂಡು ಹೋಗಿ ಅನ್ನುತ್ತಿದ್ದಳೋ ಏನೋ. ಅಥವಾ, ಹೋಗೋಣ, ಪ್ರಯತ್ನ ಮಾಡೇಬಿಡೋಣ ಅನ್ನುತ್ತಿದ್ದಳು. ಅದೂ ಅವಳ ಹಕ್ಕು. ಕೇಳಲಿಲ್ಲವಲ್ಲ.

ಈ ಮಾತುಕತೆಯಲ್ಲಿ ಯಾರೂ ಕೇಳದ ಇನ್ನೂ ಕೆಲವರು ಆ ಮನೆಯಲ್ಲಿದ್ದಾರೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೋಡಿಕೊಳ್ಳುವ ಆಯುಷ್ಮಾನ್ ಕಾರ್ಡು ಕಿದ್ವಾಯಿಯಲ್ಲಿ ನಡೆಯುತ್ತದೆ, ಗಡಿ ದಾಟಿದರೆ ನಡೆಯುವುದಿಲ್ಲ. ಹಾಗಾಗಿ ಹೊರದೇಶದ ಖರ್ಚೆಲ್ಲ ಹೊಲದಿಂದ ಬರಬೇಕು, ಒಡವೆಯಿಂದ ಬರಬೇಕು, ಸಂಘದ ಸಾಲದಿಂದ, ಕೈಸಾಲದಿಂದ ಬರಬೇಕು. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಗ ಎಕರೆಗೆ ರೇಟು ಎಷ್ಟು ಏರುತ್ತದೆಂದು ಹೋಟೆಲು ಹೋಟೆಲಿನಲ್ಲಿ ಮಾತಾಡಿಕೊಂಡೆವು. ಏರಿದ ಆ ರೇಟೇ ಈಗ ಇಂಥ ಮನೆಗಳ ಕಡೆಗೆ ಏಜೆಂಟರನ್ನು ಎಳೆದು ತರುತ್ತಿದೆ. ಸಾಯುವವರಿಗೆ ಮಾರಲು ಭೂಮಿಯಿದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಭಾಷೆ ತಿಳಿಯದ ಊರಿನಲ್ಲಿ ಅಕಸ್ಮಾತ್ ಜೀವ ಹೋದರೆ ರಾಯಭಾರ ಕಚೇರಿಯ ಕಾಗದ, ದೇಹ ಕೆಡದಂತೆ ಮಾಡಿಸಿದ ಸರ್ಟಿಫಿಕೇಟು, ವಿಮಾನದ ಸರಕಿನ ಬಾಡಿಗೆ, ಇಷ್ಟನ್ನೂ ಹೊಂದಿಸಬೇಕಾದವನು ಜೊತೆಗೆ ಹೋದ ಮಗ, ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ವಾಪಸು ಬಂದ ಮೇಲೆ ಸಾಲದ ಕಂತು ಕಟ್ಟುವವಳು ಅವನ ತಂಗಿ, ಗಾರ್ಮೆಂಟ್ಸ್ ಬಸ್ಸಿಗೆ ಬೆಳಗ್ಗೆ ಐದೂವರೆಗೆ ನಿಲ್ಲುವವಳು. ಅವಳನ್ನು ಕೇಳಿದಿರಾ?

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಇದಕ್ಕಿಂತ ಹಿಂದಿನ ಮೌನ. ರೇಷ್ಮೆ ಬೆಳೆಯುವ ಮನೆ. ಹುಳು ನಾಲ್ಕನೇ ಜ್ವರದಿಂದ ಎದ್ದಿದೆ, ಹಗಲು ರಾತ್ರಿ ಸೊಪ್ಪು ಮೇಯುತ್ತದೆ, ಒಂದು ವಾರ ತಡೆದರೆ ಹಣ್ಣಾಗುತ್ತದೆ, ಆಮೇಲೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಮನೆಯ ಹೆಂಗಸು ಸ್ನಾನ ಮಾಡುವಾಗ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ತಗುಲಿದ್ದನ್ನು ಓರಗಿತ್ತಿಗೆ ಹೇಳುತ್ತಾಳೆ. ‘ನೋವಿದೆಯಾ?’ ‘ಇಲ್ಲ.’ ‘ನೋವಿಲ್ಲ ಅಂದ್ರೆ ಏನೂ ಇಲ್ಲ ಬಿಡು. ಈ ಬೆಳೆ ಇಳೀಲಿ, ಗೂಡು ಮಾರ್ಕೆಟ್ಟಿಗೆ ಹೋಗ್ಲಿ, ಆಮೇಲೆ ತೋರ್ಸೋಣ.’ ಆ ಬೆಳೆ ಇಳಿಯುತ್ತದೆ, ಮರಿಹುಳುವಿನ ಇನ್ನೊಂದು ಚಾಕಿ ಬರುತ್ತದೆ. ಗೂಡಿನ ಹರಾಜಿಗೆ ನಿಲ್ಲುವ ಗಂಡಸು ದವಡೆಗೆ ಕಡ್ಡಿಪುಡಿ ಒತ್ತಿಕೊಂಡೇ ನಿಂತಿರುತ್ತಾನೆ. ಅಲ್ಲಿ ಬಿಳಿ ಮಚ್ಚೆ ಎದ್ದು, ಹುಣ್ಣಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುವವರೆಗೆ ಹೀಟು ಎಂದು ಮಜ್ಜಿಗೆ ಕುಡಿಯುತ್ತಾನೆ. ಕಿದ್ವಾಯಿ ಆಸ್ಪತ್ರೆ 1973ರಿಂದ ಅಲ್ಲೇ ಇದೆ, ನಮ್ಮ ಊರುಗಳಿಂದ 50–60 ಕಿಲೋಮೀಟರು. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ, ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ಟಿಕೆಟ್ಟಿನಲ್ಲಿ ರಿಯಾಯಿತಿಯಿದೆ. ಕನಕಪುರ, ಮಾಗಡಿಗೆ ರೈಲಿಲ್ಲ, ಬಸ್ಸಿದೆ. ಗಂಟು ಹುಣಸೆಬೀಜದಷ್ಟಿದ್ದಾಗ ಆ ಬಸ್ಸು ಹತ್ತಿಸದ ನಾವು, ಎದೆಯೆಲ್ಲ ಹುಣ್ಣಾದ ಮೇಲೆ ವಿಮಾನ ಹತ್ತಿಸಲು ಓಡಾಡುತ್ತೇವೆ. ಚಿಕಿತ್ಸೆ ಫಲಿಸುವ ಕಾಲ ಯಾವುದಿತ್ತೋ ಅದು ಆ ಚಾಕಿ ಸಾಕಣೆಯ ನಡುವೆ ಕಳೆದುಹೋಯಿತು.

ಈಗ ಏನು ಮಾಡುವುದೆಂದು ಕೇಳುತ್ತೀರಿ. ಆ ಮನೆಗೆ ಹೋಗಿ. ರಿಪೋರ್ಟು ತೆಗೆದುಕೊಂಡು ಬೆಂಗಳೂರಿನ ಇನ್ನೊಬ್ಬ ಕ್ಯಾನ್ಸರ್ ತಜ್ಞರ ಹತ್ತಿರ ಅರ್ಧ ದಿನ ಕೂತು ಬನ್ನಿ. ‘ಈ ಹಂತದಲ್ಲಿ ಇದರಿಂದ ಎಷ್ಟು ದಿನ ಹೆಚ್ಚುತ್ತದೆ, ಆ ದಿನಗಳು ಹೇಗಿರುತ್ತವೆ’ ಎಂದು ಏಜೆಂಟನ್ನು ಬರವಣಿಗೆಯಲ್ಲಿ ಕೇಳಿ. ಸಂಶೋಧನೆಯೆಂದು ಹೇಳಿದರೆ, ನಿಜವಾದ ಪ್ರಯೋಗದಲ್ಲಿ ಪರೀಕ್ಷಿಸುವ ಔಷಧಿಗೆ ಸಾಮಾನ್ಯವಾಗಿ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನೆನಪಿಡಿ. ಎಲ್ಲ ಕೇಳಿದ ಮೇಲೂ ಹೋಗಲು ಕಾರಣವಿದೆಯೆಂದರೆ ಹೋಗಲಿ, ನೀವೇ ಟಿಕೆಟ್ ಮಾಡಿಸಿಕೊಡಿ.

ಕಾರಣವಿಲ್ಲವೆಂದರೆ ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನು ಮಾತ್ರ ಆ ಮನೆಯಲ್ಲಿ ಆಡಬೇಡಿ, ಅದು ಸುಳ್ಳು. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆಯಿದೆ, ಬೆಲೆ ಕೆಲವೇ ರೂಪಾಯಿ. 1985ರ ಮಾದಕವಸ್ತು ಕಾಯ್ದೆಯ ಭಯದಲ್ಲಿ ಅದು ವರ್ಷಗಟ್ಟಲೆ ರೋಗಿಗಳ ಕೈಗೆಟುಕಲಿಲ್ಲ, 2014ರ ತಿದ್ದುಪಡಿಯಿಂದ ದಾರಿ ಸಲೀಸಾಯಿತು. ಮಾರತ್ತಹಳ್ಳಿಯ ಕರುಣಾಶ್ರಯದಲ್ಲಿ 1999ರಿಂದ, ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯೂ ಕೇಳದೆ ನೋಡಿಕೊಳ್ಳುತ್ತಿದ್ದಾರೆ. ಹುಣ್ಣು ತೊಳೆಯುವುದು, ವಾಂತಿ ನಿಲ್ಲಿಸುವುದು, ರಾತ್ರಿ ನಿದ್ದೆ ಬರಿಸುವುದು, ಹೆದರಿಕೆಗೆ ಕಿವಿಗೊಡುವುದು, ಇದೂ ಚಿಕಿತ್ಸೆಯೇ. ಇದರ ವಿಡಿಯೊವನ್ನು ಯಾರೂ ನಿಮ್ಮ ವಾಟ್ಸಾಪಿಗೆ ಕಳಿಸುವುದಿಲ್ಲ, ಇದರಲ್ಲಿ ಕಮಿಷನ್ ಇಲ್ಲ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ಪಿತ್ತನಾಳದ ತೊಂದರೆಗಾಗಿ 2018ರ ಡಿಸೆಂಬರಿನಲ್ಲಿ ಚೆನ್ನೈಗೆ ಕರೆದೊಯ್ದು ಚಿಕಿತ್ಸೆ ಮಾಡಿಸಿದ್ದು ನಿಮಗೆಲ್ಲ ನೆನಪಿದೆ. ದೊಡ್ಡ ದೊಡ್ಡ ಡಾಕ್ಟರುಗಳು ಸುತ್ತ ಇದ್ದರು. ಕೊನೆಗೆ ಆ 111ರ ಹಿರಿಯರು ಮಠಕ್ಕೆ ಹೋಗಬೇಕೆಂದರು, ಭಕ್ತರೂ ವೈದ್ಯರೂ ಆ ಮಾತಿಗೆ ತಲೆಬಾಗಿ ಹಳೆಯ ಮಠಕ್ಕೆ ಕರೆತಂದರು, ಅಲ್ಲೇ 2019ರ ಜನವರಿ 21ರಂದು ಲಿಂಗೈಕ್ಯರಾದರು. ಅವರ ಮಾತು ನಡೆಯಿತು. ಮಂಚದ ಮೇಲಿರುವ ನಿಮ್ಮ ದೊಡ್ಡಮ್ಮನ ಮಾತೂ ನಡೆಯಬೇಡವೇ?

ನಡೆಸಲು ಕಾನೂನೂ ಇದೆ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಮಾತು ನಿಂತ ಮೇಲೆ ತನ್ನ ಪರವಾಗಿ ಯಾರು ಹೇಳಬೇಕು ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ದಾರಿ ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಕಾಗದಕ್ಕೆ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ಒಬ್ಬರು ಬೇಕು, ಇಬ್ಬರು ಸಾಕ್ಷಿಗಳು ಬೇಕು. ಹೊಲ ಮಾರುವ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೂ ಇಬ್ಬರು ಸಾಕ್ಷಿಗಳು ಬೇಕಾಗುತ್ತದೆ, ಆಗ ನಂಬಿಕಸ್ತರೆಂದು ನಿಮ್ಮನ್ನೇ ಕರೆಯುತ್ತಾರೆ, ನೀವು ಹೋಗಿ ಹೆಬ್ಬೆಟ್ಟಿನ ಪಕ್ಕದಲ್ಲಿ ಸಹಿ ಹಾಕಿ ಬರುತ್ತೀರಿ. ಈ ಇನ್ನೊಂದು ಕಾಗದಕ್ಕೆ ನಿಮ್ಮನ್ನು ಯಾರೂ ಕರೆಯುವುದಿಲ್ಲ, ಇಂಥದ್ದೊಂದು ಇದೆಯೆಂದೇ ಆ ಮನೆಗೆ ಗೊತ್ತಿಲ್ಲ. ಈ ಭಾನುವಾರ ನೀವೇ ಹೋಗಿ, ಆಧಾರ್ ಕಾರ್ಡು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಂಚದ ಪಕ್ಕ ಕೂತು, ‘ದೊಡ್ಡಮ್ಮ, ಡಾಕ್ಟ್ರು ಏನಂದ್ರು ಅಂತ ನಿಮಗೆ ಯಾರಾದ್ರೂ ಹೇಳಿದಾರಾ?’ ಎಂದು ಕೇಳಿ, ಆಮೇಲೆ ಅವರು ಮಾತಾಡಲಿ.